ಕುದುರೆ ಕೂದಲಿನ ಗಂಟು

ಬೈರಿದೇವರಕೊಪ್ಪ, ಹುಬ್ಬಳ್ಳಿ
೧೨ ನವೆಂಬರ್ ೨೦೨೫, ಬುಧವಾರ

ಶಂಭುಲಿಂಗ ಅವರಿಗೆ,

‘ಪ್ರೀತಿಯ’ ಎಂದು ಬರೆದು ಗೀಚಿ ಹಾಕಿದ್ದೇನೆ. ನಿಮಗೆ ಕಾಣಲಿ ಎಂದೇ ಹಾಳೆ ಬದಲಿಸಿಲ್ಲ. ಗಂಡನ ಹೆಸರು ಹಿಡಿದು ಬರೆಯುವುದನ್ನು ನೋಡಿ ಅವ್ವ ಗಾಬರಿಯಾಗಿದ್ದಾಳೆ. ಆಗಲಿ. ಸೋಮವಾರದಿಂದ ನಿಮ್ಮ ಫೋನ್ ಎತ್ತಿಲ್ಲ. ಎತ್ತಿದರೆ ಅಳುತ್ತೇನೆ, ನೀವು ಸಮಾಧಾನ ಮಾಡುತ್ತೀರಿ, ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಈ ಸಲ ನನಗೆ ಸಮಾಧಾನ ಬೇಕಾಗಿಲ್ಲ.

ಭಾನುವಾರ ಧಾರವಾಡದಿಂದ ಬಂದಿರಿ. ‘ನೀ ಆರಾಮ ಜಳಕಾ ಮಾಡಿ ಬಾ, ಕೂಸಿನ್ನ ನಾ ನೋಡ್ಕೋತೇನಿ’ ಎಂದಿರಿ. ಮಗಳು ಹುಟ್ಟಿದ ಎರಡು ತಿಂಗಳಲ್ಲಿ ಅಂಥ ಮಾತು ನಿಮ್ಮ ಬಾಯಿಂದ ಬಂದದ್ದು ಮೊದಲ ಸಲ. ಬಚ್ಚಲಲ್ಲಿ ನಿಂತು ನಾನು ಎಷ್ಟು ಹಿಗ್ಗಿದ್ದೆನೆಂದು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ನೀವು ಹೋದ ಮೇಲೆ ಕೂಸು ಅಳತೊಡಗಿತು. ಹೊಟ್ಟೆನೋವೆಂದು ಅವ್ವ ಹೊಕ್ಕುಳಿಗೆ ಇಂಗು ಹಚ್ಚಿದಳು. ದೃಷ್ಟಿಯಾಗಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ನಾನು ಹೆಗಲಿಗೆ ಹಾಕಿಕೊಂಡು ಬೆಳತನಕ ತಿರುಗಾಡಿದೆ. ಬೆಳಿಗ್ಗೆ ಎರೆಯಲೆಂದು ಕೈಗೆ ಹಾಕಿದ್ದ ಬಟ್ಟೆಯ ಚೀಲ ಬಿಚ್ಚಿ ಮುಂಗೈಯ ಕರಿದಾರ ಸರಿಸಿದರೆ, ಎಡಗೈ ಕಿರುಬೆರಳಿನ ಪಕ್ಕದ ಆ ಪುಟ್ಟ ಆರನೆಯ ಬೆರಳು ಬಾತುಕೊಂಡು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬುಡಕ್ಕೆ ಬಿಗಿದಿದ್ದದ್ದು ಕುದುರೆ ಬಾಲದ ಕೂದಲು.

ಮೊದಲು ನಿಮ್ಮ ಅವ್ವನ ಮೇಲೆ ಸಿಟ್ಟು ಬಂತು, ಖರೇ ಹೇಳುತ್ತೇನೆ. ಹೆರಿಗೆ ದವಾಖಾನೆಯಲ್ಲೇ ಆ ಬೆರಳು ನೋಡಿ, ‘ನರೂಲಿಗೆ ಕಟ್ಟಿದ್ಹಾಂಗ ಕುದರಿ ಕೂದಲಾ ಕಟ್ರಿ, ತಾನ ಉದರ್ತದ. ತೊಟ್ಲಕ್ಕ ಮಂದಿ ಬರೂದ್ರಾಗ ಮುಗಸ್ರಿ’ ಎಂದವರು ಅವರೇ ತಾನೆ? ಆದರೆ ಅತ್ತೆಯವರು ದೀಪಾವಳಿಯ ನಂತರ ಇತ್ತ ಬಂದೇ ಇಲ್ಲ. ಮತ್ತೆ ಆ ಗಂಟು! ಎರಡು ಸುತ್ತು, ನಡುವೆ ತೂರಿಸಿದ ತುದಿ, ಮೇಲೆ ಸಾಸಿವೆಗಿಂತ ಸಣ್ಣ ಅಂಟಿನ ಹನಿ. ನನ್ನ ಬಸುರಿನ ತಿಂಗಳೆಲ್ಲ ನೀವು ಮೇಜಿಗೆ ಬಾಗಿ ಕಟ್ಟುತ್ತಿದ್ದ ಗಂಟು ಅದು. ನೀವು ಮಾಡಿ ಮಾರುವ ಅಂಗೈಯಗಲದ ಮಾದರಿ ಕಾರಿನ ಎಂಜಿನ್ನಿಗೆ ವೈರು ಮಾಡಲು ಟಾಂಗಾ ಶಾಬುದ್ದೀನರ ಕುದುರೆಯ ಕೂದಲು ಬೇಡಿ ತಂದವರು ನೀವು. ಬೇರೆ ಯಾರ ಕೈಗೂ ಆ ಗಂಟು ಬರುವುದಿಲ್ಲ.

ಆ ಕಾರಿನ ಕಥೆ ಹೇಳಿದವರೂ ನೀವೇ. ಅದರ ಅಸಲಿ ಕಾರು ಐವತ್ತು ವರ್ಷದ ಹಿಂದೆ ಆರು ಗಾಲಿಯ ಮೇಲೆ ಓಡಿ, ನಕ್ಕವರ ಎದುರಿಗೇ ರೇಸು ಗೆದ್ದದ್ದು ಎಂದಿರಿ. ಮುಂದೆ ಸಣ್ಣವು ನಾಲ್ಕು, ಹಿಂದೆ ದೊಡ್ಡವು ಎರಡು. ಸೂಜಿಮೊನೆಯಿಂದ ಸ್ಟೀರಿಂಗ್ ತಿರುಗಿಸಿ, ‘ಇವು ಬರೇ ನೋಡಾಕಲ್ಲ, ನಾಕೂ ಕೆಲಸಾ ಮಾಡ್ತಾವ’ ಎಂದು ಕೂಸಿನಂತೆ ನಕ್ಕಿರಿ. ಕೊಲ್ಲಾಪುರದ ಗಿರಾಕಿ, ಕಪಾಟಿನಲ್ಲಿ ವಿಚಿತ್ರವಾಗಿ ಕಾಣುತ್ತದೆ, ನಾಲ್ಕೇ ಗಾಲಿ ಹಾಕಿಕೊಡಿ ಎಂದಾಗ ನಿಮ್ಮ ಮುಖ ಕೆಂಪಾಯಿತು. ‘ಎರಡು ತಗದ್ರ ಅದು ಬ್ಯಾರೇ ಯಾವದೋ ಕಾರ್ ಆಗ್ತದ್ರಿ, ನನಗ ಬರೂದಿಲ್ಲ’ ಎಂದು ಆರ್ಡರನ್ನೇ ಬಿಟ್ಟಿರಿ. ಆ ಕಾರನ್ನು ತಂದು ಇಲ್ಲಿ ತೊಟ್ಟಿಲ ಎದುರಿಗೆ ಇಟ್ಟಿರಿ. ನಿಮ್ಮ ಹತ್ತಿ ವ್ಯಾಪಾರದ ಮನೆತನವೆಲ್ಲ ‘ಆಟಗಿ ಸಾಮಾನಿನ ಸಾಹುಕಾರ’ ಎಂದು ನಿಮ್ಮನ್ನು ಆಡಿಕೊಂಡಾಗ ನಿಮ್ಮ ಪರವಾಗಿ ಜಗಳ ಕಾದವಳು ನಾನು. ತಗಡಿನ ಕಾರಿಗೆ ಸಿಕ್ಕ ಮರ್ಯಾದೆ ನಿಮ್ಮ ಮಗಳಿಗೆ ಸಿಗಬಾರದೇ?

ಕೂಸನ್ನು ಎತ್ತಿಕೊಂಡು ಡಾಕ್ಟರ್ ಹತ್ತಿರ ಓಡಿದೆ. ಕೂದಲು ಕತ್ತರಿಸಿದರು. ಒಳಗೆ ಎಲುಬಿದೆ, ಇದು ನರೂಲಿಯಲ್ಲ, ಬಿಟ್ಟಿದ್ದರೆ ಕೊಳೆತು ಕೈಗೇ ನಂಜು ಏರುತ್ತಿತ್ತು ಎಂದರು. ತೆಗೆಸಲೇಬೇಕೆಂದರೆ ಮುಂದೆ ಆಪರೇಷನ್ ಇದೆಯಂತೆ, ಅವಸರವೇನಿಲ್ಲವಂತೆ. ತೊಂದರೆ ಕೊಡದಿದ್ದರೆ ಇರಲೂಬಹುದಂತೆ. ‘ಯಾವ ಶಾಣ್ಯಾ ಕಟ್ಟಿದವಾ ಇದನ್ನ?’ ಎಂದು ನನ್ನನ್ನೇ ಗದರಿಸಿದರು. ಗೊತ್ತಿಲ್ಲ ಎಂದೆ. ನಿಮ್ಮ ಹೆಸರು ಬಾಯಿತನಕ ಬಂದಿತ್ತು.

ತೆಗೆಸೋಣ ಎಂದು ನನ್ನೆದುರು ಹೇಳಿದ್ದರೆ ಜಗಳಾಡುತ್ತಿದ್ದೆ; ಆಮೇಲೆ ಇಬ್ಬರೂ ಹೋಗಿ ಡಾಕ್ಟರನ್ನು ಕೇಳುತ್ತಿದ್ದೆವು. ನೀವು ನನ್ನನ್ನು ಜಳಕಕ್ಕೆ ಕಳಿಸಿದಿರಿ.

ಈಗ ಬೆರಳಿನ ಬಣ್ಣ ಮೊದಲಿನಂತಾಗಿದೆ. ಕೂಸು ಮಲಗುತ್ತದೆ, ನನಗೇ ನಿದ್ದೆ ಇಲ್ಲ. ಗಳಿಗೆಗೊಮ್ಮೆ ಎದ್ದು ಆ ಕೈ ಮುಟ್ಟಿ ನೋಡುತ್ತೇನೆ.

ತೊಟ್ಟಿಲ ದಿನ ಅವಳ ಕೈಗೆ ಚೀಲ ಹಾಕುವುದಿಲ್ಲ. ಎಡಗೈ ಹೊರಗೇ ಇರುತ್ತದೆ. ನಿಮ್ಮ ಮನೆಯವರು ನೋಡಿ ಪಿಸುಗುಟ್ಟಿದರೆ, ಗಿರಾಕಿಗೆ ಹೇಳಿದ ಹಾಗೆ ಎದ್ದು ಹೇಳುವ ಬಾಯಿ ಇದ್ದರೆ ಬನ್ನಿ. ಇಲ್ಲದಿದ್ದರೆ ಧಾರವಾಡದಲ್ಲೇ ಇರಿ.

ನಿಮ್ಮ ಮಗಳ ತಾಯಿ,
ಐಶ್ವರ್ಯಾ

ತಾ.ಕ.: ಕಾರಿನ ಮುಂದಿನ ಎರಡು ಗಾಲಿ ಕಿತ್ತು ಈ ಲಕೋಟೆಯಲ್ಲಿ ಕಳಿಸಬೇಕೆಂದಿದ್ದೆ. ಚಿಮಟ ಹಿಡಿದು ಕೂತಿದ್ದೆ. ಮಡಿಲಲ್ಲಿದ್ದ ಕೂಸು ನನ್ನ ಬೆರಳನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಹೋಗಿ ನೋಡಿದೆ: ಐದರ ಜೊತೆ ಆರನೆಯದೂ ಮಡಚಿಕೊಂಡಿತ್ತು. ಅದೂ ಹಿಡಿಯುತ್ತದೆ, ರೀ. ನಿಮ್ಮ ಕಾರಿನ ಆರೂ ಗಾಲಿ ಇದ್ದಲ್ಲೇ ಇವೆ.