ನಿಮ್ಮ ಹಾಡಿನ ಮೇಲೆ ನನ್ನ ಹಾಡು

ಅಪ್ಪಾ,

ನೀವು ಹೋದ ಮೇಲೆ ನಿಮ್ಮ ದನಿ ಅಂತ ಉಳಿದದ್ದು ಒಂದೇ ಕ್ಯಾಸೆಟ್. ಅದರ ಗರಗರ ಸದ್ದು ತೆಗೆಸಿಕೊಂಡು ಬಾ ಎಂದು ಅಮ್ಮ ಇವತ್ತು ನನ್ನನ್ನು ಸ್ಟುಡಿಯೋಗೆ ಕಳಿಸಿದಳು.

ನಾನು ಡ್ರಮ್ ನುಡಿಸುವಾಗ ನೀವು ನೆಂಟರೆದುರು, "ಇವನದು ಬಡಿಯೋ ಕೆಲಸ. ಸಂಗೀತ ಬೇರೆ ಕಣ್ರೀ," ಎಂದು ನಗುತ್ತಿದ್ದಿರಿ. ಆ ಸಿಟ್ಟಿಗೇ ಪಿಯಾನೋ ಕಲಿತೆ, ಹಾಡಲು ಕಲಿತೆ, ರಾಗ ಕಟ್ಟಲು ಕಲಿತೆ. ಹಾಗೆ ಪಳಗಿದ ಕಿವಿಯಿಂದ ಇವತ್ತು ಕ್ಯಾಸೆಟ್‌ನಲ್ಲಿ ನಿಮ್ಮ ಹಾಡು ಕೇಳಿದೆ. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ನೀವು ಶ್ರುತಿ ತಪ್ಪುತ್ತಿದ್ದಿರಿ.

"ಯಾರ್ರೀ ಇವರು?" ಎಂದು ರೆಕಾರ್ಡಿಂಗ್ ಮಾಡುವವನು ಕೇಳಿದ.

"ಯಾರೋ ಹವ್ಯಾಸಿ. ಇದನ್ನ ಅಳಿಸಿ ನನ್ನದನ್ನ ತುಂಬಿ," ಎಂದೆ.

ಅದೇ ಹಾಡನ್ನು ನಾನೇ ಹಾಡಿದೆ. ಪಿಯಾನೋ, ಡ್ರಮ್ ಎಲ್ಲ ನನ್ನದೇ. ಒಂದು ಸ್ವರವೂ ಜಾರಲಿಲ್ಲ.

ಸಂಜೆ ಅಮ್ಮ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು. "ಚೆನ್ನಾಗಿ ಹಾಡಿದೀಯ ಕಣೋ," ಎಂದಳು. "ಈಗ ನಿಮ್ಮಪ್ಪಂದು ಹಾಕು."

ನಾನು ಕ್ಯಾಸೆಟ್ ತಿರುಗಿಸಿ ಹಾಕಿ ಈ ಕೋಣೆಗೆ ಬಂದೆ. ಆ ಬದಿ ಖಾಲಿ. ಅವಳಿನ್ನೂ ಕಾಯುತ್ತಾ ಕೂತಿದ್ದಾಳೆ.