ವಾಪಸು ಬೇಡವಾದ ಪುಸ್ತಕಗಳು

ನಾವುಂದ
೧೪-೮-೧೯೬೩

ಪ್ರಿಯ ಪ್ರಫುಲ್ಲಾ,

ನಿನಗೂ ಮಗಳು ಸರಸಳಿಗೂ ಕರ್ತನು ಸುಖನಿದ್ದೆ ಕೊಡಲಿ. ಬರೆಯಲು ತಡವಾಯಿತು, ಬೇಸರಿಸಬೇಡ. ಬಲಗೈಯ ಎರಡು ಬೆರಳು ಪೆನ್ನು ಹಿಡಿಯಲು ಒಪ್ಪುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ನಿನ್ನ ಗಂಡನಿಗೆ ಬೆವರಿಳಿಯಿತು.

ಕುಂದಾಪುರದ ಡಾಕ್ಟರು ಕುಷ್ಠವೆಂದೇ ಹೇಳಿದರು. ಮಾತ್ರೆ ಕೊಟ್ಟಿದ್ದಾರೆ, ಗುಣವಾದೀತು ಎಂದಿದ್ದಾರೆ. ನೀನು ಬ್ರಹ್ಮಾವರಕ್ಕೆ, ತವರಿಗೆ ಹೋದ ಮೇಲೆ ಗಂಜಿ ನಾನೇ ಬೇಯಿಸಿಕೊಳ್ಳುತ್ತೇನೆ. ದಿನಾ ತಳ ಹಿಡಿಯುತ್ತದೆ. ಭಾನುವಾರದ ಆರಾಧನೆಗೆ ಚರ್ಚಿನ ಸಭೆಯವರು ನನ್ನ ಬದಲು ಬೇರೆ ಉಪದೇಶಿಯನ್ನು ಕರೆಸಿಕೊಂಡರು. ಅದನ್ನೂ ನುಂಗಿಕೊಂಡೆ. ಡಿಸೆಂಬರಿನಲ್ಲಿ ಸಭಾಪಾಲಕರ ಪರೀಕ್ಷೆ ಪಾಸಾಗಿ ಪಾದ್ರಿಯಾದರೆ ಎಲ್ಲ ಸರಿಹೋದೀತು, ನೀನೂ ಮನೆಗೆ ಬಂದೀಯೆ ಎಂದುಕೊಂಡು ಓದುತ್ತಿದ್ದೆ.

ದೇವಜ್ಞಾನ ಶಾಲೆಯ ಲೈಬ್ರರಿಯ ಲೀಲಾಧರ ಗೊತ್ತಲ್ಲ? ತಿಂಗಳಿಗೊಮ್ಮೆ ಬಸ್ಸಿನ ಮೇಲೆ ಟ್ರಂಕು ಹೇರಿಕೊಂಡು ಬಂದು, ನಮ್ಮಂಥ ಹಳ್ಳಿ ಉಪದೇಶಿಗಳಿಗೆ ಪುಸ್ತಕ ಕೊಟ್ಟು, ಹಳೆಯದನ್ನು ಪುಟ ಪುಟ ತಿರುವಿ ನೋಡಿ ತೆಗೆದುಕೊಳ್ಳುವವ. ಎಂಥ ಜಿಪುಣ! ನೀನು ಕೊಟ್ಟ ಕಾಫಿ ಕುಡಿಯುತ್ತಲೇ ರಟ್ಟಿನ ಮೇಲಿನ ಎಣ್ಣೆ ಕಲೆ ತೋರಿಸಿ, "ಇದ್ ಯಾರ್ ಕೈ ಮರ್ರೆ, ಬಂಗ್ಡಿ ಮೀನ್ ಹುರ್ದ್ ಕೈಯಾ?" ಎಂದಿದ್ದ. ನೀನು ಒಳಗೆ ಓಡಿಹೋಗಿ ನಕ್ಕಿದ್ದೆ.

ಮೊನ್ನೆ ಬಂದ. ಟ್ರಂಕು ತಂದಿರಲಿಲ್ಲ. ಬೇಲಿಯಾಚೆಯೇ ನಿಂತ. ನಾನು ಸಭಾಚರಿತ್ರೆಯ ಎರಡು ಸಂಪುಟ, ಸುವಾರ್ತೆಯ ವ್ಯಾಖ್ಯಾನ ಎಲ್ಲ ಒರೆಸಿ, ಕಾಗದ ಸುತ್ತಿ ಕೊಡಲು ಹೋದರೆ ಹಿಂದೆ ಸರಿದ.

"ಅದ್ ವಾಪಸ್ ಕೊಡೂದ್ ಬ್ಯಾಡ. ನೀವೇ ಇಟ್ಕಣಿ."

"ಎಂತಕೆ? ಶಾಲೆಯವ್ರ್ ಸುಮ್ನಿರ್ತ್ರಾ?"

"ಅವ್ರೇ ಹೇಳದ್ದ್. ತಕಂಡ್ ಹೋರೆ ಪುಸ್ತ್ಕ ಸುಡ್ಕಾತ್ತ್. ಸುಡೂದ್ ನನ್ನ ಕೈಯಂಗೆ ಆತಿಲ್ಲ ಮರ್ರೆ."

"ಪರೀಕ್ಷೆ?"

"ನಿಮ್ ಹೆಸ್ರ್ ತೆಗ್ದ್ರ್," ಎಂದ, ಬೇಲಿಯನ್ನೇ ನೋಡುತ್ತ.

ಮೊದಲಿನ ಹಾಗೆ ಬೈದಿದ್ದರೆ ಸಾಕಿತ್ತು, ಪ್ರಫುಲ್ಲಾ. ಅವನು ಹೋದ ಮೇಲೆ ಅಳು ತಡೆಯಲಾಗಲಿಲ್ಲ. ಒಂದು ಪುಸ್ತಕ ಸ್ವಂತಕ್ಕೆ ಕೊಳ್ಳಲು ಎಷ್ಟು ವರ್ಷ ಆಸೆಪಟ್ಟಿದ್ದೆ, ನಿನಗೇ ಗೊತ್ತು. ಈಗ ಇವನ್ನೆಲ್ಲ ಓದಿ ಯಾರಿಗೆ ಪ್ರಸಂಗ ಮಾಡಲಿ?

ಸರಸಳ ಬಿದ್ದ ಹಲ್ಲು ಹುಟ್ಟಿತೇ? ಅತ್ತೆಯವರಿಗೆ ನನ್ನ ವಂದನೆ ಹೇಳು. ದೇವರು ನಿಮ್ಮ ಬಾಗಿಲು ಕಾಯಲಿ.

ನಿನ್ನ
ಪ್ರೇಮಾನಂದ

ತಾ.ಕ.: ನಿನ್ನ ತಮ್ಮ ಭೋಜರಾಜ ಕುಂದಾಪುರ ಪೇಟೆಯಲ್ಲಿ ಸಿಕ್ಕಿದ. ನನ್ನ ಒಂದು ಕಾಗದಕ್ಕೂ ಉತ್ತರವಿಲ್ಲವೇಕೆ ಎಂದು ಕೇಳಿದೆ. "ಅಕ್ಕ ಅದನ್ನ್ ಒಲಿಗ್ ಹಾಕ್ತ್ಲ್ ಭಾವ, ಮಗು ಮುಟ್ಟುಕಾಗ ಅಂದೇಳಿ," ಎಂದ. ಮಗು ಮುಟ್ಟಬಾರದೆಂದಾದರೆ ಒಲೆಗೆ ಹಾಕು, ನಾನು ಬೇಡವೆನ್ನುವುದಿಲ್ಲ. ಓದಿ ಹಾಕುತ್ತಾಳೋ, ಓದದೆಯೋ ಎಂದು ಕೇಳಿದೆ. ಅವನು ಬಸ್ಸು ಹತ್ತಿದ. ಇದನ್ನಾದರೂ ಓದಿ ಹಾಕು.