ನೋವಿಲ್ಲದ ನಾಯಿ ಹೇಗೆ ನಡೆಯುತ್ತಿತ್ತು

ಬಿಡುವಿನ ತಿಂಗಳು, ಒಂಬತ್ತನೇ ದಿನ, ೨೨೧೪
ಮುಧೋಳ, ಘಟಪ್ರಭೆಯ ದಂಡೆ

ನನಗಿಂತ ಬಹಳ ಹಿಂದೆ ಬದುಕಿದವರಿಗೆ,

ಈ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಬಿಸಿಲಿಗೆ ಹೊರಗೆ ಕಾಲಿಡಲಾಗದ ದಿನಗಳನ್ನೆಲ್ಲ ಕೂಡಿಸಿ ನಮ್ಮ ಹಿರಿಯರು ಮಾಡಿಕೊಂಡ ತಿಂಗಳಿದು. ಬಿಡುವು ಹೆಸರಿಗೆ ಮಾತ್ರ. ನೀರಿನ ಕೆಲಸದವರಿಗೆ ಅದೂ ಇಲ್ಲ. ನನ್ನ ಬರಹದಲ್ಲಿ ನಿಮಗೆ ವಿಚಿತ್ರವೆನಿಸುವ ಮಾತುಗಳು ಬರುತ್ತವೆ, ಕ್ಷಮಿಸಿ. ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ನನ್ನ ಹೆಸರು ನೀಲಗಂಗಾ ಮಂಟೂರ. ಊರಿನ ನಾಯಿಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಲ್ಲಿರುವುದು ಸೋರುನಾಯಿಗಳು. ನೆಲದೊಳಗಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಮೂಸಿ ಹೇಳುವುದು ಅವುಗಳ ಕೆಲಸ. ಒಂದೊಂದೂ ಬೆಳಿಗ್ಗೆ ಹತ್ತು ಹನ್ನೆರಡು ಕಿಲೋಮೀಟರ್ ನಡೆಯುತ್ತದೆ. ಅವು ನಿಂತರೆ ನಾಲ್ಕನೇ ದಿನ ಊರಿನ ನಲ್ಲಿಗಳು ಒಣಗುತ್ತವೆ. ಎಲ್ಲವೂ ಉದ್ದ ಕಾಲಿನ, ಸಣ್ಣ ನಡುವಿನ ಮುಧೋಳ ತಳಿಯವು. ಬಿಸಿಲಿಗೆ ಬೇರೆ ನಾಯಿಗಳೆಲ್ಲ ಸತ್ತ ಬೇಗೆ ವರ್ಷಗಳಲ್ಲಿ ಬದುಕಿ ಉಳಿದ ಆರೇ ನಾಯಿಗಳ ಸಂತತಿ. ಪ್ರತಿ ನಾಯಿಯ ಕೊರಳಲ್ಲಿ ಒಂದು ನೋವುಪಟ್ಟಿ ಇರುತ್ತದೆ. ನಾಯಿ ಹೇಗೆ ನಡೆಯುತ್ತದೆ, ಹೇಗೆ ಮಲಗುತ್ತದೆ, ಎದೆ ಹೇಗೆ ಬಡಿಯುತ್ತದೆ ಎಂದು ಅಳೆದು ಬಣ್ಣ ತೋರಿಸುವ ಪಟ್ಟಿ. ಹಸಿರಿದ್ದರೆ ನಾಯಿ ಕೆಲಸಕ್ಕೆ, ಕೆಂಪಾದರೆ ವೈದ್ಯರ ಹತ್ತಿರಕ್ಕೆ. ಪಟ್ಟಿ ಬಂದ ಮೇಲೆ ನಾಯಿಯನ್ನು ಕಣ್ಣಿಟ್ಟು ನೋಡುವವರು ಉಳಿಯಲಿಲ್ಲ.

ನನ್ನ ಸೋದರತ್ತೆ ಪಾರವ್ವ ನೋಡುತ್ತಿದ್ದಳು. ನಾನು ಕೆಲಸಕ್ಕೆ ಸೇರಿದಾಗ ಅವಳಿಗೆ ಎಪ್ಪತ್ತು ದಾಟಿತ್ತು. ಅಂಗಳದಲ್ಲಿ ನನ್ನ ಕೈಯಿಂದ ನಾಯಿ ನಡೆಸಿ, ತಾನು ಮೊದಲು ಹಿಂದಿನಿಂದ, ಆಮೇಲೆ ಪಕ್ಕದಿಂದ, ಕೊನೆಗೆ ಎದುರಿನಿಂದ ನೋಡುವಳು. "ಓಡಿಸಬ್ಯಾಡವಾ, ಓಡುವಾಗ ನಾಯಿ ಎಲ್ಲಾ ಮುಚ್ಚತೈತಿ. ಸಾವಕಾಶ ನಡಸು," ಎನ್ನುವಳು. ನೋಯುವ ಮುಂಗಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಗಟ್ಟಿ ಕಾಲು ತಾಗುವಾಗ ಇಳಿಯುತ್ತದೆ. ಹಿಂಗಾಲು ನೊಂದರೆ ಭಾರವನ್ನೆಲ್ಲ ಮುಂದಕ್ಕೆ ಹಾಕಿ ಬೆನ್ನು ಬಿಲ್ಲಾಗಿಸಿಕೊಳ್ಳುತ್ತದೆ. ಮೈ ಒದರುವಾಗ ಅಲುಗಾಟ ಸೊಂಟದವರೆಗೂ ಹೋಗದೆ ನಡುವಿನಲ್ಲೇ ನಿಂತರೆ ಅಲ್ಲಿ ಏನೋ ಇದೆ ಎಂದೇ ಅರ್ಥ. ತನ್ನ ಅಜ್ಜಿಯಿಂದ ಕಲಿತ ಇದನ್ನೆಲ್ಲ ಅವಳು ಎಲ್ಲೂ ಬರೆದಿಡಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ. ಮೂರನೇ ವರ್ಷ ಅವಳು ತೀರಿಕೊಂಡಳು.

ಕವಡಿ ಎಂಬ ಹೆಣ್ಣುನಾಯಿ ನನ್ನ ಪಾಲಿಗಿತ್ತು. ನಾಲ್ಕು ವರ್ಷದ್ದು, ಬಿಳಿ ಮೈ, ಎಡಗಿವಿ ಮಾತ್ರ ಕಂದು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮೈ ತೊಳೆಸಿದ ಮೇಲೆ ಅದು ಒದರಿಕೊಂಡಿತು. ಅಲುಗಾಟ ಪಕ್ಕೆಲುಬು ದಾಟಲಿಲ್ಲ. ಹಿಂಭಾಗದಿಂದ ನೀರು ಸುಮ್ಮನೆ ತೊಟ್ಟಿಕ್ಕುತ್ತಿತ್ತು. ಆಮೇಲೆ ನೋಡುತ್ತ ಹೋದೆ. ಮಲಗುವ ಮೊದಲು ಐದಾರು ಸುತ್ತು ಸುತ್ತುತ್ತಿತ್ತು. ಹಿಂಗಾಲಿನ ಉಗುರು ಕಲ್ಲಿಗೆ ಕೆರೆಯುವ ಸದ್ದಾಗುತ್ತಿತ್ತು. ಕೂತರೆ ಬಲಗಾಲನ್ನು ಪಕ್ಕಕ್ಕೆ ಚಾಚುತ್ತಿತ್ತು. ಪಟ್ಟಿ ಹಸಿರಾಗಿತ್ತು.

ಮೇಲ್ವಿಚಾರಕ ಸಂಗನಬಸುವಿಗೆ ಹೇಳಿದೆ. ಅವನು ಕೆಟ್ಟವನಲ್ಲ. ಬಂದು ನಿಂತು, ಬಹಳ ಹೊತ್ತು ನೋಡಿದ.

"ಎಲ್ಲಾ ನಾಯಿನೂ ಹಿಂಗ ನಡೀತಾವಲ್ರೀ ಅಕ್ಕಾರ," ಅಂದ.

"ಸೊಂಟ ನೋಯಾಕತ್ತೈತಿ ಬಸು. ಹದಿನೈದು ದಿನ ಬಿಡು ಇದನ್ನ."

"ಹಸಿರು ಇದ್ದ ನಾಯಿ ನಿಲ್ಲಿಸಿದರ ನಾ ಏನಂತ ಬರೀಲಿ? ನೋವಿಲ್ಲದ ನಾಯಿ ಒಂದು ತಂದು ಬಾಜೂಕ ನಡಸ್ರಿ. ಫರಕ ಕಂಡರ ನಾನ ನಿಲ್ಲಸ್ತೀನಿ."

ಆ ದಿನವೆಲ್ಲ ನಲವತ್ತೊಂದು ನಾಯಿಗಳನ್ನೂ ಒಂದೊಂದಾಗಿ ಅಂಗಳದಲ್ಲಿ ನಡೆಸಿದೆ. ಎಲ್ಲದರ ಬೆನ್ನೂ ಸ್ವಲ್ಪ ಬಾಗಿತ್ತು. ಎಲ್ಲವೂ ಮುಂದಕ್ಕೆ ಭಾರ ಹಾಕಿ, ಗಿಡ್ಡ ಹೆಜ್ಜೆ ಇಡುತ್ತಿದ್ದವು. ಬೇರೆಯಾಗಿ ನಡೆಯುವ ಒಂದು ನಾಯಿಯೂ ಸಿಗಲಿಲ್ಲ. ಆಗ ನನ್ನ ಮೇಲೇ ನನಗೆ ಅನುಮಾನ ಬಂತು. ಅತ್ತೆ ಹೇಳಿದ್ದನ್ನು ನಾನೇ ತಪ್ಪಾಗಿ ನೆನಪಿಟ್ಟುಕೊಂಡಿರಬೇಕು, ನಾಯಿ ನಡೆಯುವುದೇ ಹೀಗಿರಬೇಕು ಅಂದುಕೊಂಡೆ. ಮರುದಿನ ನನ್ನ ಕೈಯಾರೆ ಕವಡಿಗೆ ಹಗ್ಗ ಹಾಕಿ ಕರೆದುಕೊಂಡು ಹೋದೆ.

ನಾಲ್ಕನೇ ದಿನ ಜಮಖಂಡಿ ದಾರಿಯ ಕೊಳವೆಯ ಮೇಲೆ ಅದರ ಹಿಂಗಾಲು ಮಡಚಿಕೊಂಡವು. ಕವಡಿ ಕೂಗಲಿಲ್ಲ. ಮುಂಗಾಲಿನಿಂದ ಮೈ ಎಳೆದುಕೊಂಡು, ಸೋರುವ ಜಾಗಕ್ಕೆ ಮೂಗು ಮುಟ್ಟಿಸಿ ನನ್ನ ಕಡೆ ನೋಡಿತು. ಕೊರಳ ಪಟ್ಟಿ ಆಗಲೂ ಹಸಿರೇ. ಹೆಗಲ ಮೇಲೆ ಹೊತ್ತು ತಂದೆ. ಪಶುವೈದ್ಯೆ ಜುಲೇಖಾ ನದಾಫ ಮೂಳೆಯ ಚಿತ್ರ ತೆಗೆದರು. ಸೊಂಟದ ಕೀಲಿನ ಬಟ್ಟಲು ಪೂರ್ತಿ ಸವೆದಿತ್ತು, ಮೂಳೆಗೆ ಮೂಳೆ ಉಜ್ಜುತ್ತಿತ್ತು. "ಇದು ಎರಡು ವರ್ಷದ್ದು ಇದ್ದಾಗಿಂದ ನೋಯಾಕತ್ತೈತಿ," ಅಂದರು. ಮಾಡಲು ಇನ್ನೇನೂ ಉಳಿದಿರಲಿಲ್ಲ. ಅವರು ಸೂಜಿ ಚುಚ್ಚುವಾಗ ಕವಡಿಯ ತಲೆ ನನ್ನ ತೊಡೆಯ ಮೇಲಿತ್ತು. ಅದರ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದ್ದು ಆಗಲೇ.

ಉಳಿದವನ್ನೂ ಪರೀಕ್ಷಿಸಿ ಎಂದು ಕೇಳಿಕೊಂಡೆ. ಹನ್ನೆರಡು ನಾಯಿಗಳ ಚಿತ್ರ ತೆಗೆದು ಜುಲೇಖಾ ಕೈಚೆಲ್ಲಿದರು. ಹನ್ನೆರಡರದ್ದೂ ಅದೇ ಸೊಂಟ. ಆ ಆರು ನಾಯಿಗಳಲ್ಲೇ ಈ ದೋಷ ಇದ್ದಿರಬೇಕು ಎಂದರು. ಪಟ್ಟಿಗೆ ಆರೋಗ್ಯವೆಂದರೆ ಏನೆಂದು ಕಲಿಸಿದ್ದೂ ಅವುಗಳ ಮಕ್ಕಳು ಮೊಮ್ಮಕ್ಕಳನ್ನು ನಡೆಸಿ ತೋರಿಸಿಯೇ. ಹಾಗಾಗಿ ಈ ನೋವೇ ಅದಕ್ಕೆ ಹಸಿರು.

ಮೇಲಿನವರಿಗೆ ಬರೆದೆವು. ಪಟ್ಟಿಯನ್ನು ತಿದ್ದಲು ನೋವಿಲ್ಲದ ನಾಯಿಯ ನಡಿಗೆ ಬೇಕು, ಅದು ಯಾರ ಬಳಿಯೂ ಇಲ್ಲ, ಅಲ್ಲಿಯವರೆಗೆ ಕೆಲಸ ನಿಲ್ಲಿಸಬೇಡಿ ಎಂದು ಉತ್ತರ ಬಂತು. ಸಂಗನಬಸು ಅದನ್ನು ಓದಿ ಹೇಳಿ, ನನ್ನ ಮುಖ ನೋಡಲಾರದೆ ಹೊರಗೆ ಹೋದ. ನಾನು ಕೆಲಸ ಬಿಟ್ಟಿಲ್ಲ. ಬಿಟ್ಟರೆ ನನ್ನ ಜಾಗಕ್ಕೆ ಬರುವವರಿಗೆ ಇವು ನೋಯುತ್ತಿವೆ ಎಂಬುದೂ ಗೊತ್ತಿರುವುದಿಲ್ಲ. ಗೊತ್ತಿದ್ದು ನಾನು ಮಾಡುತ್ತಿರುವುದಾದರೂ ಏನು? ರಾತ್ರಿಯ ಗಂಜಿ ಬೆಚ್ಚಗೆ ಹಾಕುತ್ತೇನೆ, ಸೊಂಟಕ್ಕೆ ಎಣ್ಣೆ ತಿಕ್ಕುತ್ತೇನೆ. ಬೆಳಿಗ್ಗೆ ಮತ್ತೆ ನಡೆಸುತ್ತೇನೆ.

ನಿಮ್ಮ ಕಾಲದ ಚಲಿಸುವ ಚಿತ್ರಗಳು ನಮ್ಮಲ್ಲಿ ಕೆಲವು ಉಳಿದಿವೆ. ಎಲ್ಲವನ್ನೂ ಹುಡುಕಿದೆ. ಅವುಗಳಲ್ಲಿ ನಾಯಿಗಳು ಟೋಪಿ ಹಾಕಿಕೊಂಡಿವೆ, ಚೆಂಡು ಹಿಡಿಯಲು ಜಿಗಿಯುತ್ತಿವೆ, ಮಡಿಲಲ್ಲಿ ಕೂತಿವೆ. ಸುಮ್ಮನೆ ನಡೆದುಹೋಗುವ ಒಂದು ನಾಯಿಯನ್ನು ಇಡೀ ಇಪ್ಪತ್ತು ಹೆಜ್ಜೆ ಯಾರೂ ಹಿಡಿದಿಟ್ಟಿಲ್ಲ.

ನಿಮ್ಮ ಬೀದಿಯಲ್ಲಿ ಅಂಥದೊಂದು ಇದ್ದೀತು. ಅದಕ್ಕೊಂದು ಹೆಸರೂ ಇರಲಿಕ್ಕಿಲ್ಲ. ಪಕ್ಕದಲ್ಲಿ ನಿಂತು ಅದು ನಡೆಯುವುದನ್ನು ಹಿಡಿದಿಡಿ, ಹಾಳಾಗದ ಜಾಗದಲ್ಲಿಡಿ. ನನ್ನ ನಲವತ್ತು ನಾಯಿಗಳ ಸೊಂಟ ಅದರಿಂದ ಸರಿಯಾಗುವುದಿಲ್ಲ, ನನಗೆ ಗೊತ್ತು. ಆದರೂ ಅದನ್ನು ನೋಡಿ ಕಲಿತು ಪಟ್ಟಿ ಕೆಂಪಾದರೆ ಅವುಗಳನ್ನು ನಡೆಸಿ ಎಂದು ನಮಗೆ ಯಾರೂ ಹೇಳಲಾರರು.

ನಿಮ್ಮ
ನೀಲಗಂಗಾ